ಅವ್ವನ ಕಣ್ಣಿನ ಶಾವಿಗೆ

"ಶಾವಿಗಿ ಬಂದಿತ್ರಿ, ಮಿಸ್."

ಪಂಚಶೀಲಾಳ ಬಾಯಿಂದ ಮಾತು ಜಾರಿಬಿಟ್ಟಿತು. ಐದನೇ ಕ್ಲಾಸಿನ ಬಾಗಿಲಲ್ಲಿ ಬ್ಯಾಗು ಹೊತ್ತುಕೊಂಡು, ಏದುಸಿರು ಬಿಡುತ್ತ ನಿಂತಿದ್ದಳು. ಶನಿವಾರದ ಮುಂಜಾನೆ ಶಾಲೆ ಸುರುವಾಗಿ ಅರ್ಧ ತಾಸಾಗಿತ್ತು. ಯಾಕೆ ಲೇಟು ಎಂದು ಜಯಮಾಲಾ ಮಿಸ್ ಕೇಳಿದ್ದರು. ಇವಳು ಹಿಂದುಮುಂದು ನೋಡದೆ ಇದ್ದದ್ದನ್ನೇ ಹೇಳಿಬಿಟ್ಟಿದ್ದಳು.

"ಶಾವಿಗಿ ಎಲ್ಲಿಂದ ಬಂತು? ಆಳಂದ ಬಸ್ಸಿಗೇನು?" ಹಿಂದಿನ ಸಾಲಿನಿಂದ ಕಲ್ಲಿನಾಥ ಕೇಳಿದ. ಇಡೀ ಕ್ಲಾಸು ನಕ್ಕಿತು.

"ಅಂದ್ರ... ನಮ್ಮವ್ವ ಶಾವಿಗಿ ಮಾಡಾಕತ್ತಿದ್ಲುರಿ. ಅದಕ್ಕ ಲೇಟಾತ್ರಿ."

"ಹಂಗಾರ ಒಬ್ಬಾಕೀನ ತಿಂದು ಬಂದೀ. ಹೋಗು, ಕೂಡು" ಎಂದರು ಮಿಸ್. ಅವರ ಮುಖದಲ್ಲೂ ನಗುವಿತ್ತು. ಪಂಚಶೀಲಾಳ ಕಿವಿ ಮಾತ್ರ ಕೆಂಪಾಗಿತ್ತು.

ಆ ಶಾವಿಗೆಯ ಕತೆಯೇ ಬೇರೆ. ಪಂಚಶೀಲಾಳ ಅವ್ವ ಸುನಿತಾಗೆ ಎರಡು ವರ್ಷದಿಂದ ಮೈಯೆಲ್ಲ ನೋವು. ಜ್ವರವಿಲ್ಲ, ಬಾವಿಲ್ಲ, ಎಲ್ಲೂ ಬಿದ್ದದ್ದಿಲ್ಲ. ಆದರೂ ಕೆಲವು ದಿನ ತಲೆ ಬಾಚಿಕೊಳ್ಳಲು ಕೈ ಮೇಲೇಳುವುದಿಲ್ಲ. ಕಲಬುರಗಿಯ ಡಾಕ್ಟರು ಅದಕ್ಕೆ ಫೈಬ್ರೊಮಯಾಲ್ಜಿಯಾ ಅನ್ನುತ್ತಾರೆ ಎಂದರು. ಅಪ್ಪ ಆ ಹೆಸರನ್ನು ಮೂರು ಸಲ ಹೇಳಲು ಹೋಗಿ, ಮೂರು ಸಲವೂ ಬೇರೆ ಬೇರೆ ಹೆಸರು ಹೇಳಿದ್ದ.

ಅದರ ಜೊತೆಗೆ ಕಣ್ಣಿನದೊಂದು ತಕರಾರು. ಒಮ್ಮೊಮ್ಮೆ ಅವ್ವನ ಕಣ್ಣ ಮುಂದೆ ಸಣ್ಣ ಚುಕ್ಕೆಗಳು ಕುಣಿಯುತ್ತವೆ. ಒಮ್ಮೊಮ್ಮೆ ಹೊಳೆಯುವ ಸೊಟ್ಟ ಗೆರೆಗಳು ಹರಿದಾಡುತ್ತವೆ. ಕಣ್ಣಿನ ಡಾಕ್ಟರು ಹನಿ ಹಾಕಿ ನೋಡಿದರು, ತಲೆಯ ಸ್ಕ್ಯಾನೂ ಮಾಡಿಸಿದರು. ಕೊನೆಗೆ, "ಯಾಕ ಹಿಂಗಾಗ್ತದ ಅಂತ ನಮಗೂ ತಿಳೀವಲ್ದವ್ವ. ಆದ್ರ ನೀವು ಹೇಳೋದು ಸುಳ್ಳಲ್ಲ" ಎಂದರು.

ಡಾಕ್ಟರಿಗೆ ಗೊತ್ತಾಗದಿದ್ದರೇನಂತೆ, ಅವ್ವ ಮಗಳು ಸೇರಿ ತಾವೇ ಹೆಸರಿಟ್ಟರು. ಚುಕ್ಕೆ ಬಂದರೆ ಎಳ್ಳು. ಗೆರೆ ಬಂದರೆ ಶಾವಿಗೆ. ನಟ್ಟನಡುವೆ ದುಂಡಗೆ ಮಸುಕಾದರೆ ಹಪ್ಪಳ. "ಇವತ್ತೇನು ಅಡಗಿ, ಯವ್ವಾ?" ಎಂದು ಮಗಳು ಕೇಳುತ್ತಿದ್ದಳು. "ಬರೇ ಎಳ್ಳು" ಎಂದು ಅವ್ವ ಹೇಳಿದರೆ ಆ ದಿನ ಹೊಲಿಗೆ ಮಷೀನು ಓಡುತ್ತಿತ್ತು. ಶಾವಿಗೆ ಬಂದರೆ ಅವ್ವ ಮಲಗಿಬಿಡುತ್ತಿದ್ದಳು, ಮನೆಗೆಲಸವೆಲ್ಲ ಮಗಳ ಪಾಲಿಗೆ.

ಆದರೆ ಮನೆಯ ಹೊರಗೆ ಪಂಚಶೀಲಾ ಈ ಸುದ್ದಿ ಎತ್ತುತ್ತಿರಲಿಲ್ಲ. ಹೋದ ವರ್ಷ ನಳದ ಹತ್ತಿರ ಪಕ್ಕದ ಓಣಿಯ ಅಂಬುಬಾಯಿ, "ರಿಪೋರ್ಟ್ ಎಲ್ಲಾ ಚೊಲೊ ಬಂದಾವಂತ. ಮತ್ತ ಬ್ಯಾನಿ ಎಲ್ಲಿಂದ ಬಂತು? ನಾಟಕ ಅದು" ಎಂದದ್ದನ್ನು ಇವಳು ಕೊಡ ಹಿಡಿದು ನಿಂತು ಕೇಳಿದ್ದಳು. ಅವತ್ತು ತುಂಬಾ ಅತ್ತಿದ್ದಳು. ಆಮೇಲೆ ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಳು.

ಶಾಲೆ ಬಿಟ್ಟ ಕೂಡಲೆ ಅದೇ ಕ್ಲಾಸಿನ ಆಯೇಶಾ ಶಾವಿಗೆಯ ಆಸೆಗೆ ಬೆನ್ನು ಹತ್ತಿದಳು. ಕಲ್ಲಿನಾಥ ಮನೆಗೆ ಓಡಿಹೋಗಿ ಒಂದು ಸ್ಟೀಲ್ ಬಟ್ಟಲು ಹಿಡಿದುಕೊಂಡೇ ಬಂದ.

"ಬಟ್ಟಲ ಯಾಕಲೇ?" ಪಂಚಶೀಲಾ ಕೇಳಿದಳು.

"ನಿಮ್ಮನ್ಯಾಗ ಬಟ್ಟಲ ಕಮ್ಮಿ ಬಿದ್ರ?"

"ಶಾವಿಗಿ ಖಾಲಿ ಆಗ್ಯದ."

"ಇಷ್ಟು ಲಗೂನ? ನಿಮ್ಮನ್ಯಾಗ ಎಷ್ಟು ಮಂದಿ?"

"ಮೂರು."

"ಹಂಗಾರ ಉಳದಿರ್ತದ" ಎಂದು ಕಲ್ಲಿನಾಥ ಲೆಕ್ಕ ಮುಗಿಸಿದ.

ಪಂಚಶೀಲಾ ಚಪ್ಪಲಿಯಲ್ಲಿ ಹರಳು ಸಿಕ್ಕಿದೆ ಎಂದು ಎರಡು ಸಲ ನಿಂತಳು. ಇಬ್ಬರೂ ಎರಡು ಸಲವೂ ಕಾದರು. ಅವ್ವ ಮಲಗಿರುವುದನ್ನು ಇವರು ನೋಡುತ್ತಾರೆ, ಸೋಮವಾರ ಇಡೀ ಕ್ಲಾಸು ನಾಟಕ ಅನ್ನುತ್ತದೆ ಎಂಬುದು ಅವಳ ಹೆದರಿಕೆ.

ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಕತ್ತಲು. ಅವ್ವ ಮಂಚದ ಮೇಲೆ, ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು.

ಪಂಚಶೀಲಾ ಬಾಯಿ ತೆರೆಯುವ ಮೊದಲೇ ಕಲ್ಲಿನಾಥ, "ಆಂಟಿ, ಶಾವಿಗಿ ಅದ ಏನ್ರಿ?" ಎಂದು ಕೇಳಿಯೇಬಿಟ್ಟ.

ಮಗಳು ಎಲ್ಲವನ್ನೂ ಹೇಳಿಯೇ ಕರೆತಂದಿದ್ದಾಳೆ ಎಂದುಕೊಂಡ ಅವ್ವ, ಬಟ್ಟೆ ತೆಗೆಯದೆಯೇ, "ಈಗಿಲ್ಲಪ್ಪ. ಮುಂಜಾನಿ ಭಾಳ ಬಂದಿತ್ತು. ಎಡಗಣ್ಣಿನ ಕಡಿಂದ ಸುರು ಆತು" ಎಂದಳು.

"ಕಣ್ಣಿಂದೇನ್ರಿ?"

"ಹ್ಞೂಂ. ಒಂದು ತಾಸು ಇದ್ದು ಹೋತು."

ಕಲ್ಲಿನಾಥ ಆಯೇಶಾಳ ಮುಖ ನೋಡಿದ. ಆಮೇಲೆ ಬಟ್ಟಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ಅವ್ವ ಬಟ್ಟೆ ತೆಗೆದು ನೋಡಿದಳು. ಬಟ್ಟಲಿನ ಅಂಚು ಕಂಡಿತು, ತಲೆ ತಗ್ಗಿಸಿ ನಿಂತ ಮಗಳೂ ಕಂಡಳು. ನಡೆದದ್ದೆಲ್ಲ ಅವಳಿಗೆ ಅರ್ಥವಾಗಿಹೋಯಿತು. ನಕ್ಕಳು. ಪಕ್ಕೆ ಹಿಡಿದುಕೊಂಡು, "ಅಯ್ಯೋ, ನಗಸಬ್ಯಾಡ್ರಿ, ನೋಯ್ತದ" ಎನ್ನುತ್ತಲೇ ಮತ್ತೆ ನಕ್ಕಳು.

ಆಮೇಲೆ ಎದ್ದು ಗೋಡೆಗೊರಗಿ ಕುಳಿತು, ಎಳ್ಳು, ಶಾವಿಗೆ, ಹಪ್ಪಳದ ಗುಟ್ಟನ್ನೆಲ್ಲ ಬಿಚ್ಚಿ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಪಂಚಶೀಲಾ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದಳು.

"ಕಣ್ಣು ಮುಚ್ಚಿದ್ರೂ ಕಾಣ್ತದೇನ್ರಿ?" ಆಯೇಶಾ ಕೇಳಿದಳು.

"ಮುಚ್ಚಿದ್ರೂ ಕಾಣ್ತದ."

"ಮೈ ಹೆಂಗ ನೋಯ್ತದ್ರಿ?"

"ಜ್ವರ ಬಂದಾಗ ನಿನಗ ಹೆಂಗ ನೋಯ್ತದ? ಹಂಗ. ಆದ್ರ ಜ್ವರ ಇರಂಗಿಲ್ಲ."

ಕಲ್ಲಿನಾಥ ಬಟ್ಟಲನ್ನು ಮತ್ತೆ ಮುಂದೆ ತಂದ. "ಅಂದ್ರ ಆಂಟಿ, ಖರೇ ಶಾವಿಗಿ ಮಾಡೇ ಇಲ್ಲೇನ್ರಿ?"

ಅವನ ಮುಖ ಎಷ್ಟು ಸಣ್ಣದಾಗಿತ್ತೆಂದರೆ ಪಂಚಶೀಲಾಗೂ ನಗು ತಡೆಯಲಾಗಲಿಲ್ಲ. ಆಯೇಶಾ ಚಪ್ಪಲಿ ಮೆಟ್ಟಿಕೊಂಡು ತನ್ನ ಅಜ್ಜಿಯ ಹತ್ತಿರ ಓಡಿದಳು. ಹತ್ತು ನಿಮಿಷದಲ್ಲಿ ಒಂದು ಡಬ್ಬಿ ಶಾವಿಗೆ, ಒಂದು ವಾಟಿ ತುಪ್ಪ ಹಿಡಿದು ವಾಪಸು ಬಂದಳು. "ನಮ್ಮ ದಾದಿ ಕೊಟ್ಟಾಳ್ರಿ. ಹಾಲು ನಿಮ್ಮನ್ಯಾಗ ಅದ ಇಲ್ಲೋ ಅಂತ ಕೇಳ್ಯಾಳ."

ಅಡುಗೆಮನೆಯಲ್ಲಿ ಜಾತ್ರೆಯಾಯಿತು. ಅವ್ವ ಸ್ಟೂಲಿನ ಮೇಲೆ ಕುಳಿತು ಹುಕುಂ ಕೊಡುತ್ತಿದ್ದಳು. ಗ್ಯಾಸ್ ಹಚ್ಚುವುದು ಮಾತ್ರ ಅವಳದೇ ಕೆಲಸ. ಆಯೇಶಾ ಬೆಲ್ಲ ಕುಟ್ಟಿದಳು. ಕಲ್ಲಿನಾಥ ಸೌಟು ಹಿಡಿದು, ಪಾತ್ರೆಗೆ ಬಿದ್ದದ್ದಕ್ಕಿಂತ ಹೆಚ್ಚು ಬೆಲ್ಲ ಬಾಯಿಗೆ ಹಾಕಿಕೊಂಡ.

"ನನ್ನ ಸುದ್ದಿ ಯಾಕ ಮುಚ್ಚಿಟ್ಟಿ?" ಅವ್ವ ಮಗಳ ಕಿವಿಯಲ್ಲಿ ಮೆಲ್ಲಗೆ ಕೇಳಿದಳು.

"ನಾಟಕ ಅಂತಾರ."

"ಅಂತಾರ. ನನಗೂ ಗೊತ್ತದ."

"ಮತ್ತ ನಿನಗ ಸಿಟ್ಟು ಬರಂಗಿಲ್ಲೇನು?"

"ಬರ್ತದ, ಯಾಕ ಬರಂಗಿಲ್ಲ?" ಅಷ್ಟರಲ್ಲಿ ಹಾಲು ಉಕ್ಕಿತು. "ಏ ಕಲ್ಲಿನಾಥ, ತಿರುವಲೇ" ಎಂದು ಅವ್ವ ಕೂಗಿದಳು. ಆ ಮಾತು ಅಲ್ಲಿಗೇ ನಿಂತಿತು.

ಶಾವಿಗೆ ಬೆಂದು ಮುದ್ದೆಯಾಗಿತ್ತು. ನಾಲ್ವರೂ ತಳ ಕೆರೆದು ತಿಂದರು. ಕಲ್ಲಿನಾಥನ ಬಟ್ಟಲು ಎಲ್ಲಕ್ಕಿಂತ ದೊಡ್ಡದು ಎಂಬುದು ಆಗ ಗೊತ್ತಾಯಿತು.

ಹೊರಟವರನ್ನು ಕಳಿಸಲು ಪಂಚಶೀಲಾ ಓಣಿಯ ತಿರುವಿನವರೆಗೂ ಬಂದಳು. ಆಯೇಶಾ ಅಲ್ಲಿ ನಿಂತಳು.

"ಇನ್ನೊಮ್ಮೆ ಬಂದಾಗ ನಿಮ್ಮವ್ವಗ ಭಾಳ ನೋಯಾಕತ್ತಿದ್ರ ನಾವು ಏನು ಮಾಡಬೇಕು?"

ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಅವಳಿಗೆ ಕೇಳಿರಲಿಲ್ಲ.

"ಲೈಟ್ ಹಚ್ಚಬ್ಯಾಡ್ರಿ" ಎಂದಳು. "ಜೋರಾಗಿ ಮಾತಾಡಬ್ಯಾಡ್ರಿ. ಮಂಚಕ್ಕ ಕಾಲು ಬಡಸಬ್ಯಾಡ್ರಿ."

ಇಬ್ಬರೂ ತಲೆಯಾಡಿಸಿ ಮುಂದೆ ನಡೆದರು. ಪಂಚಶೀಲಾಗೆ ಇನ್ನೂ ಏನೋ ಹೇಳುವುದಿದೆ ಅನ್ನಿಸಿತು. ಏನು ಎಂದು ಅವಳಿಗೇ ಗೊತ್ತಿರಲಿಲ್ಲ. ಅವರು ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಯಿತು.

"ಆದ್ರ ಬರ್ರಿ" ಎಂದು ಕೂಗಿದಳು.