ಇನ್ನೊಂದು ಹಿಡಿ ಕೊಡಿ, ಮೇಡಂ

"ಇನ್ನೊಂದು ಹಿಡಿ ಕೊಡಿ, ಮೇಡಂ," ಎಂದ ವೆಂಕಟ, ಊಟಕ್ಕೆ ಕೂತು ಅನ್ನ ಕೇಳಿದಷ್ಟು ಸಲೀಸಾಗಿ.

ಅರ್ಚಿತಾ ಚೀಲಕ್ಕೆ ಕೈಹಾಕಿ ಇನ್ನೊಂದು ಹಿಡಿ ಕಾಂಡೋಮ್ ಕೊಟ್ಟಳು. ಯಾಕೆ, ಯಾರಿಗೆ ಎಂದು ಕೇಳುವಂತಿಲ್ಲ. ಕೆಲಸದ ಮೊದಲ ನಿಯಮವೇ ಅದು. ಪ್ರತಿ ಬುಧವಾರ ಅವಳು ಕುಮಟಾದಿಂದ ಹೊನ್ನಾವರದ ಬಂದರಿಗೆ ಬಂದು, ಬೋಟಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಮಲಗುವ ಮನೆಯಿಲ್ಲದ ಹುಡುಗರಿಗೆ ಎಚ್‌ಐವಿ ಬಗ್ಗೆ ತಿಳಿಹೇಳುತ್ತಿದ್ದಳು, ರಕ್ತಪರೀಕ್ಷೆಗೆ ಕರೆದೊಯ್ಯುತ್ತಿದ್ದಳು.

ವೆಂಕಟನಿಗೂ ಮನೆಯಿಲ್ಲ. ಇಪ್ಪತ್ತಾರರ ಪ್ರಾಯ, ಬೋಟಿನಲ್ಲೇ ದುಡಿಮೆ, ಬೋಟಿನಲ್ಲೇ ನಿದ್ದೆ. ನಕ್ಕರೆ ಎಡಗೆನ್ನೆಯಲ್ಲೊಂದು ಗುಳಿ. ಅದನ್ನು ನೋಡಲೇಬಾರದೆಂದುಕೊಂಡು ಅರ್ಚಿತಾ ಪ್ರತಿ ವಾರವೂ ನೋಡುತ್ತಿದ್ದಳು.

ಆದರೆ ವಾರಕ್ಕೆ ಎರಡು ಹಿಡಿ! ಎಷ್ಟು ಹುಡುಗಿಯರಪ್ಪಾ ಈ ಮಹಾರಾಯನಿಗೆ? ಜಾಗ್ರತೆಯಲ್ಲಿದ್ದಾನಲ್ಲ, ಒಳ್ಳೆಯದೇ ಎಂದು ಬುದ್ಧಿ ಹೇಳಿತು. ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು. ಕೊನೆಗೆ ಅವಳು ಜೊತೆಗೆ ಕೆಲಸ ಮಾಡುವ ಗಂಗಕ್ಕನಿಗೆ ಫೋನ್ ಮಾಡಿ, "ಬರುವ ವಾರದಿಂದ ಭಟ್ಕಳ ನನಗೆ ಕೊಡಿ, ಹೊನ್ನಾವರ ನೀವೇ ನೋಡ್ಕೊಳ್ಳಿ," ಎಂದಳು.

"ಆತು ಮಾರಾಯ್ತಿ," ಎಂದಳು ಗಂಗಕ್ಕ.

ಹುಡುಗರಿಗೆ ವಿದಾಯ ಹೇಳಲು ಬೋಟು ನಿಲ್ಲುವ ಧಕ್ಕೆಗೆ ಹೋದರೆ, ಕಡಲಿಗೆ ಹೊರಟವರೆಲ್ಲ ಸಾಲಾಗಿ ಕೂತಿದ್ದಾರೆ. ನಡುವೆ ವೆಂಕಟ. ಒಬ್ಬೊಬ್ಬರ ಮೊಬೈಲನ್ನೂ ಕಾಂಡೋಮಿನೊಳಗೆ ತೂರಿಸಿ, ಬಾಯಿ ಗಂಟು ಹಾಕಿ ಕೊಡುತ್ತಿದ್ದಾನೆ!

"ಎಂತ ಮಾಡ್ತಿದ್ದೀರಿ?"

"ಹೀಗೆ ಕಟ್ಟಿದ್ರೆ ನೀರು ಹೋಗೂದಿಲ್ಲ ಮೇಡಂ. ಹೋದ ಸಲ ಇಬ್ಬರ ಫೋನು ಒದ್ದೆಯಾಗಿ, ನೀವು ಟೆಸ್ಟಿಗೆ ಕರೆದದ್ದೇ ಗೊತ್ತಾಗಲಿಲ್ಲ. ಮನೆ ಇಲ್ಲದವರನ್ನ ಮತ್ತೆಲ್ಲಿ ಹುಡುಕ್ತೀರಿ?"

"ಅಷ್ಟೂ ಇದಕ್ಕೇನಾ?"

"ಮತ್ತೆಂತಕ್ಕೆ?"

ಅರ್ಚಿತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತನ್ನ ಕೆಲಸ ನೆನಪಾಗಿ ಗದರಿದಳು. "ಫೋನಿಗೆ ಬೇರೆ ಪ್ಲಾಸ್ಟಿಕ್ ಕವರ್ ಕಳಿಸ್ತೆ. ಇದು ಇದರ ಕೆಲಸಕ್ಕೇ ಇರಲಿ, ಗೊತ್ತಾತಾ?"

"ಕಳಿಸೂದ್ಯಾಕೆ, ನೀವೇ ತನ್ನಿ."

"ಬರುವ ವಾರದಿಂದ ಗಂಗಕ್ಕ ಬರ್ತಾರೆ. ನಾನು ಭಟ್ಕಳಕ್ಕೆ."

ಗುಳಿ ಮಾಯವಾಯಿತು. ವೆಂಕಟ ಎದ್ದು ನಿಂತ.

"ಮೇಡಂ, ಇಲ್ಲಿ ಎಲ್ಲರೂ ನಿಮಗೆ ಅಕ್ಕ ಅಂತಾರೆ. ನಾನು ಒಂದು ದಿನ ಆದ್ರೂ ಅಂದಿದ್ದೀನಾ?"

ಇಲ್ಲ. ಒಂದು ದಿನವೂ ಇಲ್ಲ. ಅವಳ ಕಿವಿ ಬಿಸಿಯಾಯಿತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

"ನನಗೆ ಮನೆ ಇಲ್ಲ, ಗೊತ್ತುಂಟು," ಎಂದ ವೆಂಕಟ ತಗ್ಗಿದ ದನಿಯಲ್ಲಿ. "ಆದ್ರೂ ಹೋಗಬೇಡಿ."

"ಹೋಗಲೇಬೇಕು."

ಅವನು ತಲೆ ತಗ್ಗಿಸಿದ. ಅರ್ಚಿತಾಳಿಗೆ ಪ್ರೀತಿ ಉಕ್ಕಿ ಬಂತು.

"ಇಲ್ಲೇ ಇದ್ರೆ ನೀ ನನ್ನ ಕೆಲಸದ ಹುಡುಗರಲ್ಲಿ ಒಬ್ಬ, ಮಾರಾಯ. ಕೆಲಸದಲ್ಲಿ ಪ್ರೀತಿ ಮಾಡೋ ಹಾಗಿಲ್ಲ. ಭಟ್ಕಳಕ್ಕೆ ಹೋದ್ರೆ ಮಾಡಬಹುದು."

ಬೋಟಿನವರು ಕೂಗಿ ಕರೆಯುತ್ತಿದ್ದರು. ವೆಂಕಟ ಹತ್ತುವುದನ್ನೇ ಮರೆತು ನಗುತ್ತಾ ನಿಂತಿದ್ದ.