ನಾಲಿಗೆಯಿಲ್ಲದ ಗಂಟೆ

1962ರ ಮಾರ್ಚ್ 16, ಶುಕ್ರವಾರ. ಬೆಳಿಗ್ಗೆ ಎಂಟಕ್ಕೆ ವೀರಾಂಜನೇಯ ಅಥ್ಲೆಟಿಕ್ ಕ್ಲಬ್ಬಿನ ಕಾರ್ಯದರ್ಶಿ, ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪ ಅರಸೀಕೆರೆ ಠಾಣೆಗೆ ಬಂದು ದೂರು ಕೊಟ್ಟರು. ಮೈದಾನದ ಕಂಚಿನ ಗಂಟೆಯ ನಾಲಿಗೆ ಕಳುವಾಗಿತ್ತು.

"ಗಂಟೆ ಬಿಟ್ಟು ನಾಲಿಗೆ ಒಯ್ದವ್ನಾ? ಹಂಗಾರೆ ಅವನ ಮನೇಲಿ ಮೂಗಿ ಗಂಟೆ ಒಂದೈತೆ," ಎಂದ ಕಾನ್‌ಸ್ಟೇಬಲ್ ನಂಜಪ್ಪ.

ಇನ್ಸ್‌ಪೆಕ್ಟರ್ ಜಯದೇವಪ್ಪ ನಗಲಿಲ್ಲ. ಎಫ್‌ಐಆರ್ ಬರೆಸಿ ಕೇಳಿದರು. "ಅಷ್ಟು ಮುಖ್ಯವೇ ಅದು?"

"ಭಾನುವಾರ ರಜತೋತ್ಸವದ ಓಟ ಸ್ವಾಮಿ, ಗಂಡಸಿಯಿಂದ ಇಲ್ಲಿಗೆ. ಮೂವತ್ತೇಳರಲ್ಲಿ ಕ್ಲಬ್ ಕಟ್ಟಿದ ಹಿರಿಯರು ವ್ರತದ ಹಾಗೆ ಇಟ್ಟ ಪದ್ಧತಿ. ಕಟ್ಟಕಡೆಯವನು ಬಂದ ಮೇಲೇ ಗಂಟೆ ಬಾರಿಸೋದು. ಊರಾಚೆ ಹುಣಸೆ ತೋಪಿನಲ್ಲಿ ನೀರು ಕೊಡೋರು ಗಂಟೆ ಕೇಳೋ ತನಕ ಕದಲೋ ಹಾಗಿಲ್ಲ. ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಅದನ್ನೇ ಕಲ್ಲಿನಲ್ಲಿ ಕೆತ್ತಿಸಿದ್ದೀವಿ, ಅವತ್ತೇ ಅನಾವರಣ."

ಹತ್ತು ಗಂಟೆಗೆ ಮೈದಾನದಲ್ಲಿ ಪಂಚನಾಮೆ ನಡೆಯಿತು. ಗೆರೆ ಎಳೆಯಲು ತಂದ ಸುಣ್ಣದ ಪುಡಿ ಗಂಟೆಕಟ್ಟೆಯ ಸುತ್ತ ಚೆಲ್ಲಿತ್ತು. ಅದರ ಮೇಲೆ ಚಪ್ಪಲಿಯ ಗುರುತು ಕಟ್ಟೆಯ ಬುಡದ ತನಕ ಬಂದು ನಿಂತಿತ್ತು. ಕಟ್ಟೆಯ ಮೇಲೆ ಇದ್ದದ್ದು ಬರಿಗಾಲಿನ ಹೆಜ್ಜೆ.

"ಚಪ್ಪಲಿ ಬಿಟ್ಟು ಹತ್ತಿದ್ದಾನೆ," ಎಂದರು ಜಯದೇವಪ್ಪ. "ಈ ಗಂಟೆ ಬಾರಿಸುವವರು ಯಾರು?"

"ಈಗ ನಾನೇ. ಮೊದಲು ಅನಂತಸ್ವಾಮಿ ಮೇಷ್ಟ್ರು. ಬೇಲೂರು ಕಡೆಯವರು, ದೇವಸ್ಥಾನ ಸೇವೆಯ ಮನೆತನ."

"ಯಾಕೆ ಬಿಟ್ಟರು?"

ಷಡಕ್ಷರಪ್ಪ ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡರು. "ಮಗ ಹೋದ. ಐವತ್ನಾಲ್ಕರ ಓಟದಲ್ಲಿ."

"ಹೇಗೆ?"

"ಬಿಸಿಲು ಸ್ವಾಮಿ."

ಜಯದೇವಪ್ಪ, ನಂಜಪ್ಪ ಮೇಷ್ಟ್ರ ಮನೆ ತಲುಪಿದಾಗ ಹನ್ನೆರಡಾಗಿತ್ತು. ಅವರ ಹೆಂಡತಿ ವೇದವಲ್ಲಿ ಬಾಗಿಲು ತೆಗೆದರು. "ಮಂಗಳಾರತಿ ಆಗ್ತಿದೆ, ಕೂತ್ಕೊಳ್ಳಿ."

ಒಳಗೆ ಕರ್ಪೂರ ಉರಿಯುತ್ತಿತ್ತು. ದೇವರ ಮುಂದೆ ತಟ್ಟೆ ಮೂರು ಸುತ್ತು ಬಂತು. ಒಂದು ಸದ್ದೂ ಇಲ್ಲ.

"ಗಂಟೆ ಬಾರಿಸೋದಿಲ್ಲವೇನಮ್ಮ?"

"ಎಂಟು ವರ್ಷ ಆಯ್ತು."

ಅನಂತಸ್ವಾಮಿ ಹೊರಗೆ ಬಂದು ಮೊದಲು ಇಬ್ಬರ ಕೈಗೂ ತೀರ್ಥ ಹಾಕಿದರು. ಜಯದೇವಪ್ಪ ಅದನ್ನು ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡು ಕೇಳಿದರು.

"ತೆಗೆದವರು ನೀವೇನಾ ಮೇಷ್ಟ್ರೇ?"

"ಹೌದು."

ಮಡಿಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಾಲಿಗೆಯನ್ನು ದೇವರ ಮನೆಯಿಂದ ತಂದುಕೊಟ್ಟರು.

"ಯಾಕೆ?"

"ಅವತ್ತು ಅತಿಥಿಗಳಿಗೆ ರೈಲಿನ ಹೊತ್ತಾಗಿತ್ತು. ಒಬ್ಬ ಇನ್ನೂ ಬಂದಿಲ್ಲ ಅಂದೆ. 'ನಿಮ್ಮ ರಾಮಾನುಜ ತಾನೇ, ಬಸ್ಸು ಹತ್ತಿ ಬರ್ತಾನೆ, ಬಾರಿಸಿ' ಅಂದರು ಷಡಕ್ಷರಪ್ಪನೋರು. ದೊಡ್ಡವರೆಲ್ಲ ಎದ್ದು ನಿಂತಿದ್ದರು. ಬಾರಿಸಿದೆ. ತೋಪಿನವರು ಕೊಡ ಬೋರಲು ಹಾಕಿ ಹೊರಟರು. ಮಗು ಅಲ್ಲಿಗೆ ಬಂದದ್ದು ಆಮೇಲೆ. ಬೋರಲು ಬಿದ್ದ ಕೊಡದ ಪಕ್ಕದಲ್ಲೇ ಸಿಕ್ಕಿತು."

ವೇದವಲ್ಲಿ ಗೋಡೆಯ ಕಡೆ ತಿರುಗಿದರು.

"ಆಗ ದೂರು ಕೊಡಲಿಲ್ಲವೇ?"

"ಬಾರಿಸಿದ ಕೈ ನನ್ನದು. ಯಾರ ಮೇಲೆ ಕೊಡಲಿ? ಆದರೆ ಒಂದು ಸಲವೂ ತಪ್ಪಿಲ್ಲ ಅಂತ ಕಲ್ಲಿನಲ್ಲಿ ಬರೆಸಿಬಿಟ್ಟರಲ್ಲ. ಅವನು ಓಡಲೇ ಇಲ್ಲ ಅಂದ ಹಾಗಾಯಿತು. ಆ ಸುಳ್ಳಿಗೆ ಗಂಟೆಯೂ ದನಿಗೂಡಿಸೋದು ಬೇಡ ಅನ್ನಿಸಿತು."

ಹನ್ನೆರಡೂವರೆಗೆ ದಸ್ತಗಿರಿ ಮಾಡಿದರು. ನಂಜಪ್ಪ ಕೈಬೇಡಿ ಹಾಕಲಿಲ್ಲ.

"ಅವರಿನ್ನೂ ಊಟ ಮಾಡಿಲ್ಲ," ಎಂದರು ವೇದವಲ್ಲಿ.

"ಕಟ್ಟಿಕೊಡಿ ತಾಯಿ, ನಾನು ತತ್ತೀನಿ," ಎಂದ ನಂಜಪ್ಪ.

ಶನಿವಾರ ಮೇಷ್ಟ್ರಿಗೆ ಜಾಮೀನು ಸಿಕ್ಕಿತು. ಸಂಜೆ ಷಡಕ್ಷರಪ್ಪ ಮತ್ತೆ ಠಾಣೆಗೆ ಬಂದರು. ಮೇಷ್ಟ್ರ ಹೇಳಿಕೆ ಊರಿಗೆಲ್ಲ ತಿಳಿದಿತ್ತು. "ಕೇಸು ಬೇಡ ಸ್ವಾಮಿ. ನಾಲಿಗೆ ಕೊಟ್ಟುಬಿಡಿ."

"ಅದು ಮುದ್ದೇಮಾಲು. ಕೋರ್ಟು ಹೇಳೋ ತನಕ ಕೊಡೋ ಹಾಗಿಲ್ಲ."

"ಗಂಟೆ ಇಲ್ಲದಿದ್ದರೆ ತೋಪಿನವರಿಗೆ ತಿಳಿಯೋದು ಹೇಗೆ?"

"ತಿಳಿಯೋದಿಲ್ಲ. ನಿಂತಿರ್ತಾರೆ."

ಷಡಕ್ಷರಪ್ಪ ಎದ್ದು ಹೋದರು. ಮರುದಿನ ಕಲ್ಲಿನ ಮೇಲಿನ ಪರದೆಯನ್ನು ಯಾರೂ ಸರಿಸಲಿಲ್ಲ.

ಓಟ ಮುಗಿದು, ಬಹುಮಾನ ಹಂಚಿ, ಅತಿಥಿಗಳು ರೈಲು ಹತ್ತಿದರು. ದೀಪ ಹಚ್ಚುವ ಹೊತ್ತಿಗೆ ಜಯದೇವಪ್ಪ ಸೈಕಲ್ಲಿನಲ್ಲಿ ತೋಪಿನ ಕಡೆ ಹೋದರು. ನೀರಿನವರು ಕದಲಿರಲಿಲ್ಲ. ಕಣಕಟ್ಟೆಯ ಗಾಣದ ಆಳೊಬ್ಬ, ಕಟ್ಟಕಡೆಯವನು, ಕುಂಟುತ್ತ ಬಂದು ಬೊಗಸೆಯೊಡ್ಡಿ ನಿಂತಿದ್ದ.

ಕೊಡ ಬಗ್ಗಿಸುತ್ತಿದ್ದವರು ಅನಂತಸ್ವಾಮಿ. ಅವರ ಚಪ್ಪಲಿ ದಾರಿಯ ಆಚೆ ಬದಿಯಲ್ಲಿತ್ತು.