ಜಡಿಪುರದಲ್ಲಿ ಒಂದು ಬೈಟು

ಬಹಳ ಹಿಂದೆ, ಮಳೆ ಕಡಿಮೆ, ಉಪ್ಪು ಹೆಚ್ಚು ಇದ್ದ ಉಪ್ಪುನಾಡೆಂಬ ರಾಜ್ಯದಲ್ಲಿ ಬಾಚಣ್ಣ, ಮಾದಣ್ಣ ಎಂಬ ಅಣ್ಣತಮ್ಮಂದಿರಿದ್ದರು. ಉಪ್ಪಿನ ವ್ಯಾಪಾರ. ಒಂದು ವರ್ಷ ಬಾಚಣ್ಣ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಜಡಿಪುರಕ್ಕೆ ಹೋದ. ಜಡಿಪುರದಲ್ಲಿ ಮಳೆ ನಿಲ್ಲುವುದೇ ಇಲ್ಲ. ಅಂಥ ಊರಿಗೆ ಉಪ್ಪು ಒಯ್ಯುವುದು ಜಾಣತನವಲ್ಲ, ಆದರೆ ಬಾಚಣ್ಣ ಯಾರ ಮಾತನ್ನೂ ಕೇಳುವವನಲ್ಲ. ಎತ್ತುಗಳು ಖಾಲಿ ಬೆನ್ನಿನಲ್ಲಿ ವಾಪಸು ಬಂದವು. ಅವನು ಬರಲಿಲ್ಲ.

ಅವನ ಹೆಂಡತಿ ಸಿರಿಯವ್ವ ಮೈದುನನನ್ನು ಕರೆದಳು. "ಅಳೋದಕ್ಕೆ ಇಲ್ಲಿ ನಾನಿದೀನಿ. ನೀನು ಹೋಗಿ ಕರ್ಕೊಂಡು ಬಾ."

"ಆಗ್ಲಿ ಅತ್ತಿಗೆ," ಎಂದು ಮಾದಣ್ಣ ಹೊರಟ.

ಜಡಿಪುರದ ಹೆಬ್ಬಾಗಿಲಲ್ಲಿ ಎಮ್ಮೆಗಾತ್ರದ ಕಪ್ಪೆಯೊಂದು ಕಾವಲಿತ್ತು. ಮಾದಣ್ಣನ ಮುಂದಿದ್ದ ಬಳೆಗಾರ, "ಏನ್ ಮಳೆ ಮಾರಾಯ!" ಎಂದ. ಕಪ್ಪೆ ಅವನನ್ನು ನಾಲಿಗೆಯಲ್ಲೆತ್ತಿ ಹಳ್ಳಕ್ಕೆ ಎಸೆಯಿತು. ಬೊಕ್ಕತಲೆಯ ಅಳಿಯನ ಮುಂದೆ ಕೂದಲಿನ ಮಾತು ತೆಗೆಯಬಾರದು. ಆ ಊರಲ್ಲಿ ಮಳೆಯದೂ ಹಾಗೆಯೇ.

"ನೀನು ಒದ್ದೆಯಾಗಿದೀಯಾ?" ಎಂದು ಕಪ್ಪೆ ಮಾದಣ್ಣನನ್ನು ಕೇಳಿತು.

ಅವನ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಇಲ್ಲಪ್ಪ, ಸ್ವಲ್ಪ ಹೊಳೀತಿದೀನಿ ಅಷ್ಟೇ."

ಕಪ್ಪೆಗೆ ಖುಷಿಯಾಯಿತು. "ಮರ್ಯಾದಸ್ಥ. ಒಂದು ಮಾತು ಹೇಳ್ತೀನಿ ಕೇಳು. ಅರಮನೆ ಪಕ್ಕದಲ್ಲಿ ಕಷಾಯಕೇತು ಅನ್ನೋ ಮಾಂತ್ರಿಕನ ಕಾಫಿಮನೆ ಇದೆ. ಅಲ್ಲಿ ಲೋಟ ತುಂಬ ಕುಡಿದವರು ಊರುಮನೆ ಎಲ್ಲಾ ಮರೀತಾರೆ. ಬೆಂಚಿನ ಮೇಲೆ ಕೂತವರು ಕೂತೇ ಇರ್ತಾರೆ. ಕಾಲಿಂದ ಪಾಚಿ ಹತ್ತುತ್ತೆ. ಪಾಚಿ ಬಾಯಿಗೆ ಬಂದರೆ ಕಲ್ಲು."

"ಕಾಫಿ ಬೇಡ ಅಂದರಾಯ್ತು."

"ಆ ಮನೆಯೊಳಗೆ ಯಾರೇ ಆಗಲಿ, ಕೊಟ್ಟ ಕಾಫಿ ಬೇಡ ಅಂದರೆ ಕಪ್ಪೆ. ಅದು ಮಾಂತ್ರಿಕ ಹೊಸ್ತಿಲಿಗೆ ಹಾಕಿದ ಕಟ್ಟು. ನಾನು ಹುಟ್ಟಾ ಕಪ್ಪೆ ಅಂದ್ಕೊಂಡ್ಯಾ?"

ಮಾದಣ್ಣ ಊರೊಳಗೆ ಹೋದ. ಮನೆಮನೆಯ ಮಾಡಿನ ಮೇಲೂ ಹಿತ್ತಾಳೆ ಫಿಲ್ಟರು. ಮಳೆನೀರು ಅದರೊಳಗೆ ಇಳಿದು, ಡಿಕಾಕ್ಷನ್ ಆಗಿ, ಅಡುಗೆಮನೆಗೆ ಬೀಳುತ್ತಿತ್ತು. ಚಿಕೋರಿ ಬೆರೆಸುವವರು ಎಡಬೀದಿಯಲ್ಲಿ, ಬೆರೆಸದವರು ಬಲಬೀದಿಯಲ್ಲಿ. ಎರಡು ಬೀದಿಗಳ ನಡುವೆ ಹೆಣ್ಣು ಕೊಟ್ಟು ತರುವ ಮಾತಿಲ್ಲ.

ನಡುವಿನ ಸೇತುವೆಯ ಕಮಾನಿನಿಂದ ಕರೀ ಕೊಡೆಗಳು ತಲೆಕೆಳಗಾಗಿ ತೂಗುತ್ತಿದ್ದವು. ಅವು ಮಾಯಾಬಾವಲಿಗಳು. ಬಿಚ್ಚಿದವನನ್ನು ಎತ್ತಿಕೊಂಡು ಹಾರಿಹೋಗುತ್ತಿದ್ದವು.

"ಬಿಟ್ಟಿ ಕೊಡೆ, ತಗೋ, ತಗೋ!" ಎಂದು ಕಿರುಚಿದವು.

"ಪೂರ್ತಿ ನೆಂದವನಿಗೆ ಕೊಡೆ ಯಾಕ್ರೋ? ಹೊರೋದು ದಂಡ," ಎಂದು ಮಾದಣ್ಣ ದಾಟಿಹೋದ. ಬಿಟ್ಟಿ ಸರಕಿನ ಹತ್ತಿರ ಅವನು ಮೊದಲಿನಿಂದಲೂ ನಿಲ್ಲುತ್ತಿರಲಿಲ್ಲ.

ಕಾಫಿಮನೆಯಲ್ಲಿ ಸಾಲಾಗಿ ಜನ ಕೂತಿದ್ದರು. ಕೊನೆಯ ಬೆಂಚಿನಲ್ಲಿ ಬಾಚಣ್ಣ. ಪಾಚಿ ಗದ್ದ ಮುಟ್ಟಿತ್ತು. ತಮ್ಮನನ್ನು ನೋಡಿದ, ಗುರುತು ಹಿಡಿಯಲಿಲ್ಲ.

ಕಷಾಯಕೇತು ಹೊಗೆಯಾಡುವ ಲೋಟ ತಂದಿಟ್ಟ. "ಬನ್ನಿ ಸಾಹುಕಾರ್ರೇ. ಬಿಸಿ ಇದೆ. ಕುಡೀತೀರೋ, ಬೇಡ ಅಂತೀರೋ?"

"ಬೇಡ ಅಂತಾರಾ? ಇನ್ನೊಂದು ಖಾಲಿ ಲೋಟ ಕೊಡಿ."

"ಯಾಕೆ?"

"ಬೈಟು."

ಜಡಿಪುರದವರು ಆ ಮಾತನ್ನೇ ಕೇಳಿರಲಿಲ್ಲ. ನೀರಿಗೆ ಬರವಿದ್ದ ಉಪ್ಪುನಾಡಿನಲ್ಲಿ ಒಂದು ಕಾಫಿಯನ್ನು ಒಬ್ಬನೇ ಕುಡಿಯುವುದು ಲಕ್ಷಣವಲ್ಲ. ಜೊತೆಯವನಿಗೆ ಅರ್ಧ ಹೊಯ್ಯಬೇಕು. ಅದಕ್ಕೆ ಬೈಟು ಎನ್ನುತ್ತಿದ್ದರು. ಮಾದಣ್ಣ ಎತ್ತರದಿಂದ ಅರ್ಧ ಹೊಯ್ದು, ಮಾಂತ್ರಿಕನ ಮುಂದೆ ಹಿಡಿದ.

"ತಗೊಳ್ಳಿ ಯಜಮಾನ್ರೇ."

"ನಾನಾ? ನಾನು... ನಂದು ಈಗ ತಾನೇ..."

"ಬೇಡವಾ?"

ಕಷಾಯಕೇತುವಿನ ಗಂಟಲು ಆಗಲೇ ವಟಗುಟ್ಟಿತು. ಹೊಸ್ತಿಲಿನ ಕಟ್ಟು ಅವನದೇ, ಆದರೆ ಹಾಕಿದವನು ಯಾರೆಂಬ ಲೆಕ್ಕ ಕಟ್ಟಿಗಿಲ್ಲ. ಅರ್ಧ ತಾನೇ, ಏನಾದೀತು ಎಂದು ಅವನು ಕುಡಿದ. ಮಾದಣ್ಣನೂ ಕುಡಿದ.

ಅರ್ಧ ಕಾಫಿಗೆ ಅರ್ಧ ಮರೆವು. ಮೂಟೆಯಲ್ಲಿ ಮೇಲಿನ ಸರಕು ಮೊದಲು ಖಾಲಿಯಾಗುವ ಹಾಗೆ, ಹೊಸ ನೆನಪು ಹೋಗಿ ಹಳೆಯದು ಉಳಿಯಿತು. ಕಷಾಯಕೇತು ಹುಡುಗನಾಗಿದ್ದಾಗ ಕಾಫಿ ಕಾಸಲು ಕಲಿತಿದ್ದ, ಮಂತ್ರ ಕಲಿತದ್ದು ಆಮೇಲೆ. ಮಂತ್ರವೆಲ್ಲ ಹೋಯಿತು. ಕಟ್ಟುಗಳು ಬಿಚ್ಚಿದವು. ಬೆಂಚುಗಳಿಂದ ಪಾಚಿ ಪದರಪದರವಾಗಿ ಕಳಚಿತು.

ಮಾದಣ್ಣನಿಗೂ ಕಪ್ಪೆ, ಬಾವಲಿ, ತಾನು ಬಂದ ಕಾರಣ ಎಲ್ಲ ಮರೆತುಹೋಯಿತು. ಸುತ್ತ ನೋಡಿದ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಮುಖಗಳು. ಕೊನೆಯ ಬೆಂಚಿನಲ್ಲಿ ಮಾತ್ರ ಒಬ್ಬ ಗೊತ್ತಿದ್ದವನು.

"ಅಣ್ಣಾ! ಇಲ್ಲೇನೋ ಮಾಡ್ತಿದೀಯ? ಮನೇಲಿ ಅತ್ತಿಗೆ ಒಬ್ಬರೇ ಇರ್ತಾರೆ. ಏಳು, ಹೋಗಣ."

ಪಾಚಿ ಕಳಚಿದ ಬಾಚಣ್ಣನಿಗೆ ಈಗ ತಮ್ಮನ ಗುರುತು ಸಿಕ್ಕಿತು, ಗದ್ದ ಒರೆಸಿಕೊಂಡ. "ಏಳ್ತೀನಿ ತಡಿಯೋ. ಕಾಲು ಜೋಮು ಹಿಡಿದಿದೆ."

ಅವತ್ತು ಬಾಚಣ್ಣ ಮೊದಲ ಸಲ ತಮ್ಮನ ಮಾತು ಕೇಳಿದ. ಕಾವಲು ಕಪ್ಪೆ ಮನುಷ್ಯನಾಗಿ ಬರಿಮೈಯಲ್ಲಿ ನಾಚಿಕೊಂಡು ನಿಂತಿತ್ತು, ಯಾರೋ ಪಂಚೆ ಕೊಟ್ಟರು. ಕಷಾಯಕೇತು ಅಲ್ಲೇ ಕಾಫಿ ಕಾಸಿಕೊಂಡು ಉಳಿದ. ಅವನ ಕಾಫಿ ನಿಜಕ್ಕೂ ಚೆನ್ನಾಗಿತ್ತು. ಮಳೆ ಮಾತ್ರ ನಿಲ್ಲಲಿಲ್ಲ, ಅದು ಮಾಯೆಯಾಗಿರಲಿಲ್ಲ.

ಉಪ್ಪುನಾಡಿನವರು ಒಣಗಿಕೊಂಡು ಸುಖವಾಗಿದ್ದರು. ಜಡಿಪುರದವರು ಹೊಳೆದುಕೊಂಡು ಸುಖವಾಗಿದ್ದರು.